ಕ್ಯಾಪ್ಟನ್ನರ ಕೆಂಪು ಪೆನ್ಸಿಲ್

ನಮ್ಮ ಕ್ಯಾಪ್ಟನ್ ತೀರಿಕೊಂಡ ಸುದ್ದಿ ವಾಟ್ಸಾಪಿನಲ್ಲಿ ಬಂದಾಗ ನಾನು ಬೆಂಡೆಕಾಯಿ ಹೆಚ್ಚುತ್ತಿದ್ದೆ. ಹೆಚ್ಚಿ ಮುಗಿಸಿದೆ. ಆಮೇಲೆ ಕೈ ಒರೆಸಿಕೊಂಡು ಗುಂಪಿನಲ್ಲಿ ಯಾರು ಏನೇನು ಬರೆದಿದ್ದಾರೆಂದು ನೋಡಿದೆ. ಸಾಲುಸಾಲು ಮುಗಿದ ಕೈಗಳು, ಒಂದೆರಡು ಉರಿಯುವ ದೀಪ. ಒಬ್ಬರು 'ಸತ್ಯಕ್ಕೆ ಇನ್ನೊಂದು ಹೆಸರು' ಎಂದು ಬರೆದಿದ್ದರು. ಆ ಮಹಾಶಯರು ಕ್ಯಾಪ್ಟನ್ನರನ್ನು ಕಂಡದ್ದು ವರ್ಷಕ್ಕೊಮ್ಮೆ, ರಾಜ್ಯೋತ್ಸವದ ಊಟದ ಸಾಲಿನಲ್ಲಿ.

ಮರುದಿನ ಇಲ್ಲಿಯ ಕನ್ನಡ ಸಂಘದ ಕಾರ್ಯದರ್ಶಿಗಳು ಫೋನ್ ಮಾಡಿದರು. "ಮೇಡಂ, ನೀವು ಅವರ ಜೊತೆ ಒಂದೇ ಆಫೀಸಲ್ಲಿ ಇದ್ದವರು. ಸ್ಮರಣ ಸಂಚಿಕೆಗೆ ನಾಲ್ಕು ಪುಟ ಬರ್ದು ಕೊಡಿ. ಒಳ್ಳೇದೇ ಬರೀರಿ ಆಯ್ತಾ, ಹೋದವರಲ್ವಾ" ಎಂದರು. ಆಯ್ತು ಎಂದೆ. ಒಳ್ಳೆಯದೂ ಇದೆ, ಬರೆಯುತ್ತೇನೆ. ಉಳಿದದ್ದನ್ನು ಬಿಡುವಂತಿಲ್ಲ, ಏಕೆಂದರೆ ಯಾವುದನ್ನೂ ಬಿಡಬಾರದೆಂದು ನನಗೆ ಕಲಿಸಿದವರು ಅವರೇ. ಅಚ್ಚು ಹಾಕುವುದು ಬಿಡುವುದು ಸಂಘಕ್ಕೆ ಸೇರಿದ್ದು.

ನಾನು ಮೂಲ್ಕಿ ಕಡೆಯವಳು. ಮನೆಮಾತು ತುಳು. ಮದುವೆಯಾಗಿ ಅಬುಧಾಬಿಗೆ ಬಂದು, ಮಗಳು ಶಾಲೆಗೆ ಹೋಗತೊಡಗಿದ ಮೇಲೆ, ಖಾಲಿದಿಯಾದಲ್ಲಿ ಒಂದು ಕೆಫೆಟೀರಿಯಾದ ಮೇಲಿನ ಮಹಡಿಯಲ್ಲಿದ್ದ ಸಣ್ಣ ಕಚೇರಿಗೆ ಸೇರಿದೆ. ನಮ್ಮದು ಹಡಗುಗಳ ಸರ್ವೆ ಕಚೇರಿ. ಎಲ್ಲಾದರೂ ಹಡಗು ಮರಳಿಗೆ ಹತ್ತಿದರೆ, ಬಂಡೆಗೆ ತಾಗಿದರೆ, ನಮ್ಮವರು ಹೋಗಿ ನೋಡಿ, ಹಡಗಿನವರನ್ನು ವಿಚಾರಿಸಿ, ಹೀಗೆ ಏಕಾಯಿತು ಎಂದು ವರದಿ ಬರೆಯುತ್ತಿದ್ದರು. ಆ ವರದಿ ಹಿಡಿದುಕೊಂಡು ವಿಮೆಯವರೂ ಮಾಲೀಕರೂ ಮುಂದಿನದನ್ನು ನೋಡಿಕೊಳ್ಳುತ್ತಿದ್ದರು. ನನ್ನ ಕೆಲಸ ಟೈಪ್ ಮಾಡುವುದು, ಇಂಗ್ಲಿಷ್ ತಿದ್ದುವುದು, ಹಡಗಿನ ಜನ ಹಿಂದಿಯಲ್ಲೋ ಕನ್ನಡದಲ್ಲೋ ತುಳುವಿನಲ್ಲೋ ಹೇಳಿದ್ದನ್ನು ಇಂಗ್ಲಿಷಿಗೆ ಇಳಿಸುವುದು. ಬೆಳಿಗ್ಗೆ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಿಂದ ಕಾರ್ ಲಿಫ್ಟಿನಲ್ಲಿ, ಅಂದರೆ ತಿಂಗಳ ಬಾಡಿಗೆಗೆ ಹಂಚಿಕೊಂಡ ಕಾರಿನಲ್ಲಿ, ಐದು ಜನರ ಜೊತೆ ಇಕ್ಕಟ್ಟಿನಲ್ಲಿ ಕೂತು ಹೋಗುವುದು, ಸಂಜೆ ಹಾಗೆಯೇ ಬರುವುದು.

ಕ್ಯಾಪ್ಟನ್ ಕುಮಟೆಯವರು. ಹದಿನೆಂಟಕ್ಕೆ ಹಡಗು ಹತ್ತಿ, ಮಾಸ್ಟರ್ ಎನ್ನುವ ಹಡಗಿನ ಮುಖ್ಯಸ್ಥರಾಗಿ, ಐವತ್ತು ದಾಟಿದ ಮೇಲೆ ಇಲ್ಲಿ ನೆಲಕ್ಕಿಳಿದಿದ್ದರು. ಗಿಡ್ಡ ಆಳು. ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಒಂದು ಕೆಂಪು ಪೆನ್ಸಿಲ್. ಕೂದಲಿಗೆ ಹಚ್ಚಿದ ಕಪ್ಪು ಕಿವಿಯ ಮೇಲೂ ಒಂದಿಷ್ಟು ಇರುತ್ತಿತ್ತು. ಯಾರಾದರೂ ಹೆಸರು ಹಿಡಿದು ಮಿಸ್ಟರ್ ಎಂದರೆ ಕೇಳಿಸದವರಂತೆ ಕೂತಿರುತ್ತಿದ್ದರು. ಕ್ಯಾಪ್ಟನ್ ಎಂದರೆ ಮಾತ್ರ ತಲೆ ಎತ್ತುವುದು. ನನ್ನನ್ನು ಮೊದಲ ದಿನದಿಂದ ತಂಗಿ ಎಂದು ಕರೆದರು. ಪರಊರಿನಲ್ಲಿ ಹಾಗೆ ಕರೆಸಿಕೊಳ್ಳುವುದು ಇಷ್ಟವಾಗುತ್ತದೆ, ಸುಳ್ಳು ಯಾಕೆ ಹೇಳಲಿ.

ಅವರಿಗೆ ಒಂದು ಹುಚ್ಚಿತ್ತು. ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ ಮುಳುಗಿದ, ಮರಳಿಗೆ ಹತ್ತಿದ, ಬಂಡೆಗೆ ಸಿಕ್ಕ ಸರಕು ಹಡಗುಗಳ ವಿಚಾರಣಾ ವರದಿಗಳನ್ನು ಕೂಡಿಡುವುದು. ಅಲ್ಲಿಲ್ಲಿಯ ಗ್ರಂಥಾಲಯಗಳಿಗೆ ಪತ್ರ ಬರೆದು, ಮುಂಬಯಿಯ ಹಳೆ ಪುಸ್ತಕದಂಗಡಿಗಳಲ್ಲಿ ಧೂಳು ಕುಡಿದು, ಆಮೇಲೆ ಇಂಟರ್ನೆಟ್ಟಿನಿಂದ ಇಳಿಸಿಕೊಂಡು, ಮೂರು ಹಸಿರು ಪೆಟ್ಟಿಗೆ ಫೈಲುಗಳನ್ನು ತುಂಬಿಸಿದ್ದರು. ಆ ಕಾಲವೇ ಯಾಕೆ ಎಂದು ನಾನು ಕೇಳಿದ್ದೆ.

"ಯುದ್ಧದ ಕಾಲದಲ್ಲಿ ಮುಳುಗಿದ್ರೆ ಶತ್ರು ಮುಳುಗ್ಸಿದ ಅಂದ್ರಾಯ್ತು" ಎಂದರು. "ಯುದ್ಧ ಇಲ್ಲದಿದ್ದಾಗ ಮುಳುಗಿದ್ರೆ ಯಾರಾದ್ರೂ ಉತ್ತರ ಕೊಡ್ಲೇಬೇಕಲ್ಲ. ಮೊದಲ್ನೇ ಯುದ್ಧ ಮುಗಿದದ್ದೇ ಹಳೆ ಹಡಗು ಬೇಕಾದಷ್ಟು ಸಿಕ್ತು. ಕೊಂಡ್ರು, ಬಣ್ಣ ಬಳಿದ್ರು, ಅರ್ಧ ಜನ ಹಾಕಿ ಓಡ್ಸಿದ್ರು. ರೇಡಾರ್ ಇಲ್ಲ. ಆಳ ನೋಡ್ಲಿಕ್ಕೆ ಹಗ್ಗಕ್ಕೆ ಕಟ್ಟಿದ ಸೀಸ, ದಾರಿ ನೋಡ್ಲಿಕ್ಕೆ ಲಸ್ಕರನ ಎರಡು ಕಣ್ಣು. ಹಡಗು ಹೋದ ಮೇಲೆ ತಪ್ಪು ಯಾರದ್ದು? ಆ ಎರಡು ಕಣ್ಣಿಂದು."

ಲಸ್ಕರ್ ಎಂದರೆ ಆ ಕಾಲದ ಹಡಗುಗಳಲ್ಲಿ ದುಡಿಯುತ್ತಿದ್ದ ನಮ್ಮ ಕಡೆಯ ಖಲಾಸಿಗಳು. ಅವರ ಬಗ್ಗೆ ಮಾತನಾಡುವಾಗ ಕ್ಯಾಪ್ಟನ್ನರ ದನಿ ಏರುತ್ತಿತ್ತು. ನಿಮ್ಮ ಅಜ್ಜ ಗಿಜ್ಜ ಯಾರಾದರೂ ಲಸ್ಕರ್ ಆಗಿದ್ದರಾ ಎಂದು ಕೇಳಿದೆ. "ಸಿಟ್ಟು ಬರ್ಲಿಕ್ಕೆ ಎಲ್ಲದಕ್ಕೂ ಅಜ್ಜ ಬೇಕಾ ತಂಗಿ?" ಎಂದರು. ನನಗೆ ನಾಚಿಕೆಯಾಯಿತು.

ಊಟದ ಹೊತ್ತಿಗೆ ಸ್ಟೀಲ್ ಡಬ್ಬಿಯ ಮೊಸರನ್ನ ಮುಗಿಸಿ, ಒಂದು ಫೈಲ್ ತೆಗೆದು, "ತಂಗೀ, ಬಾ, ಇವತ್ತೊಂದು ಹಡಗು ಮುಳುಗ್ಸುವ" ಎಂದು ಕರೆಯುತ್ತಿದ್ದರು. ಹಡಗುಗಳನ್ನು ಅವರು ಹೆಸರಿನಿಂದ ಕರೆಯುತ್ತಿರಲಿಲ್ಲ. ಹೆಸರು ಮಾಲೀಕ ಇಟ್ಟದ್ದು, ಅದಕ್ಕೇನು ಬೆಲೆ ಎನ್ನುತ್ತಿದ್ದರು. ಹೊತ್ತ ಸರಕಿನಿಂದ ಗುರುತು. ಸಕ್ಕರೆ ಹಡಗು, ಜಾವಾದಿಂದ ಬರುತ್ತಾ ತಳ ಒಡೆದುಕೊಂಡದ್ದು. ಪಂಪು ಹೊಡೆಯುತ್ತಿದ್ದ ಜನ ಮೊಣಕಾಲವರೆಗೆ ಪಾನಕದಲ್ಲಿ ನಿಂತಿದ್ದರಂತೆ. ಹಂಚಿನ ಹಡಗು, ಮಂಗಳೂರಿನ ಹಂಚು ಹೇರಿಕೊಂಡು ಬಸ್ರಾಕ್ಕೆ ಹೊರಟು ಅರೇಬಿಯಾದ ಕರಾವಳಿಯಲ್ಲಿ ಮರಳಿಗೆ ಹತ್ತಿ ನಿಂತದ್ದು. ಅದರದ್ದೇ ಎಂದು ಹೇಳಿ ಒಂದು ಮುರುಕು ಹಂಚನ್ನು ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟುಕೊಂಡಿದ್ದರು. ಅದರ ಮೂಲೆಯಲ್ಲಿ ಒಂದು ಚಿಪ್ಪು ಅಂಟಿಕೊಂಡಿತ್ತು. ಅದು ನಿಜವಾಗಿ ಆ ಹಡಗಿನದೋ ಯಾರದೋ ಮನೆಯ ಮಾಡಿನದೋ, ದೇವರಿಗೇ ಗೊತ್ತು.

ಎಲ್ಲಕ್ಕಿಂತ ಹೆಚ್ಚು ಸಲ ಮುಳುಗಿಸಿದ್ದು ಖರ್ಜೂರದ ಹಡಗನ್ನು. ಬಸ್ರಾದಿಂದ ಮುಂಬಯಿಗೆ ಹೊರಟದ್ದು. ಬೆಳಗಿನ ಮಬ್ಬಿನಲ್ಲಿ ಮುಂದುಗಡೆ ಕಾವಲು ನಿಂತಿದ್ದ ಲಸ್ಕರ್, ನೀರಿನ ಬಣ್ಣ ಬದಲಾಗಿದೆ ಎಂದು ಕೂಗಿ ಹೇಳಿದ. ಮೇಲಿನವರು ಬಾಯಿ ಮುಚ್ಚು ಎಂದರು. ಸ್ವಲ್ಪ ಹೊತ್ತಿನಲ್ಲಿ ಹಡಗು ಬಂಡೆಯ ಮೇಲಿತ್ತು. ವಿಚಾರಣೆಯಲ್ಲಿ ಅಧಿಕಾರಿಗಳಿಗೆ ಪುಟಗಟ್ಟಲೆ ಪ್ರಶ್ನೆ. ಲಸ್ಕರನಿಗೆ ದುಭಾಷಿಯ ಮೂಲಕ ಎರಡೇ ಪ್ರಶ್ನೆ, ಹೆಸರೇನು, ಎಚ್ಚರವಾಗಿದ್ದೆಯಾ. ತೀರ್ಪಿನಲ್ಲಿ ಒಂದು ವಾಕ್ಯ: ತಕ್ಕ ಕಾವಲು ಇರಲಿಲ್ಲ.

ಆ ವಾಕ್ಯದ ಕೆಳಗೆ ಕೆಂಪು ಗೆರೆ ಎಳೆದಿತ್ತು. ಅವರ ಎಲ್ಲ ವರದಿಗಳಲ್ಲೂ ಒಂದೊಂದು ಗೆರೆ ಇರುತ್ತಿತ್ತು.

"ಪ್ರತಿ ವರದಿಯಲ್ಲೂ ಒಂದು ಸುಳ್ಳು ವಾಕ್ಯ ಇರ್ತದೆ ತಂಗಿ. ಒಂದೇ. ಉಳಿದದ್ದೆಲ್ಲ ಸತ್ಯವೇ. ಆ ಒಂದನ್ನ ಹೊರ್ಲಿಕ್ಕೆ ಅಷ್ಟು ಸತ್ಯ ಬೇಕಾಗ್ತದೆ" ಎನ್ನುತ್ತಿದ್ದರು. ಇನ್ನೊಂದು ಮಾತು: "ತಪ್ಪು ಯಾವಾಗ್ಲೂ ಕೆಳಗೆ ಇಳೀತದೆ. ಮಾಲೀಕನಿಂದ ಮಾಸ್ಟರಿಗೆ, ಮಾಸ್ಟರಿಂದ ಅವನ ಕೈಕೆಳಗಿನ ಮೇಟಿಗೆ, ಹಾಗೇ ಇಳ್ದು ಇಳ್ದು, ಆ ವರದಿ ಓದ್ಲಿಕ್ಕೆ ಬಾರದವನ ಹತ್ರ ಬಂದು ನಿಲ್ತದೆ."

ಓದಿ ಮುಗಿಸಿದ ಮೇಲೆ ಫೈಲ್ ಮುಚ್ಚಿ, ಎದ್ದು ಹೋಗಿ, ಪ್ಯಾಂಟ್ರಿಯ ನಲ್ಲಿಯಲ್ಲಿ ಸೋಪು ಹಚ್ಚಿ ಮೊಣಕೈವರೆಗೆ ಕೈ ತೊಳೆಯುತ್ತಿದ್ದರು. ಪ್ರತಿಸಲ. "ಹೇಸಿಗೆ ಅದು, ಮುಟ್ಟಿದ ಮೇಲೆ ತೊಳೀಬೇಕು" ಎನ್ನುತ್ತಿದ್ದರು. ನಮ್ಮ ರಿಸೆಪ್ಷನಿನ ಫಿಲಿಪಿನೊ ಹುಡುಗಿ ಅವರಿಗೆ ಚರ್ಮದ ಕಾಯಿಲೆ ಇರಬೇಕೆಂದು ತಿಳಿದಿದ್ದಳು. ನಾನಂತೂ ಆ ಕೈ ತೊಳೆಯುವುದನ್ನು ನೋಡಿ, ಎಂಥ ಶುದ್ಧ ಮನುಷ್ಯ ಎಂದುಕೊಂಡೆ.

ಕೆಲಸ ಕಲಿಸಿದ್ದೂ ಅವರೇ. ಹೇಳಿಕೆ ಬರೆದುಕೊಳ್ಳುವಾಗ ಅವನ ಮಾತಿನಲ್ಲೇ ಮೊದಲು ಬರೆದುಕೋ, ಆಮೇಲೆ ಇಂಗ್ಲಿಷ್ ಮಾಡು. ಕೆಮ್ಮಿದರೆ ಕೆಮ್ಮಿದ ಎಂದು ಬರೆ. ನಿನಗೆ ಮುಖ್ಯ ಅನ್ನಿಸದ್ದನ್ನೂ ಬಿಡಬೇಡ, ಆ ಲಸ್ಕರನ ಮಾತಿನಲ್ಲಿ ಎಷ್ಟು ಬಿಟ್ಟಿದ್ದಾರೋ ಯಾರಿಗೆ ಗೊತ್ತು. ನಾನು ಹಾಗೆಯೇ ಮಾಡುತ್ತಿದ್ದೆ. ತುಳು ಹೇಳಿಕೆಯನ್ನು ಕನ್ನಡ ಅಕ್ಷರದಲ್ಲಿ ನೋಟುಬುಕ್ಕಿನಲ್ಲಿ ಬರೆದುಕೊಂಡು, ಆಮೇಲೆ ಒಂದೂ ಮಾತು ಉದುರದ ಹಾಗೆ ಇಂಗ್ಲಿಷಿಗೆ ತರುತ್ತಿದ್ದೆ.

ಇನ್ನೊಂದು ಸಣ್ಣ ಸಂಗತಿ ಇಲ್ಲಿ ಹೇಳಬೇಕು. ಪ್ರತಿ ವರ್ಷ ರಜೆಯಲ್ಲಿ ಊರಿಗೆ ಹೊರಡುವ ದಿನ ಕ್ಯಾಪ್ಟನ್ ಎಲ್ಲರ ಮೇಜಿನ ಬಳಿ ನಿಂತು, "ಏನಾದ್ರೂ ಹೆಚ್ಚುಕಮ್ಮಿ ಆಗಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ" ಎನ್ನುತ್ತಿದ್ದರು. ನಮ್ಮ ಕರಾವಳಿಯಲ್ಲಿ ದೊಡ್ಡವರಿಂದ ಬೀಳ್ಕೊಳ್ಳುವಾಗ, ನೆಂಟರ ಮನೆಯಿಂದ ಹೊರಡುವಾಗ ಹೇಳುವ ಮಾತು. ತಪ್ಪು ಆಗಿರಲೇಬೇಕೆಂದೇನಿಲ್ಲ. ಹೇಳುವುದು ಮರ್ಯಾದೆ. ಛೆ, ಏನಿಲ್ಲ, ಎಂದು ಉತ್ತರ ಕೊಡುವುದು ಎದುರಿನವರ ಮರ್ಯಾದೆ. ಅದನ್ನೇ ಅವರು ಫಿಲಿಪಿನೊ ಹುಡುಗಿಗೆ, "ಇಫ್ ಎನಿ ಮಿಸ್ಟೇಕ್, ಪುಟ್ ಇನ್ ಯುವರ್ ಸ್ಟಮಕ್" ಎಂದು ಹೇಳಿ, ಅವಳು ಕಕ್ಕಾಬಿಕ್ಕಿಯಾಗಿ, ನಾವೆಲ್ಲ ನಕ್ಕಿದ್ದೆವು.

ಇಷ್ಟು ಒಳ್ಳೆಯದು. ಇನ್ನು ಕಲ್ಲಿನ ಹಡಗು.

ಅಬುಧಾಬಿಯ ಆಚೆ ಒಂದು ದ್ವೀಪದಲ್ಲಿ ಕಟ್ಟಡದ ಕೆಲಸ ನಡೆಯುತ್ತಿತ್ತು. ಅಲ್ಲಿಗೆ ಕಲ್ಲು ಹೊರುತ್ತಿದ್ದ ಒಂದು ಹಳೆಯ ಹಡಗು, ಎರಡು ದಿನ ಧೂಳುಗಾಳಿ ಬೀಸಿದ ಮಾರನೆಯ ಬೆಳಿಗ್ಗೆ, ಮರಳು ದಿಬ್ಬಕ್ಕೆ ಹತ್ತಿ ವಾಲಿತು. ಯಾರಿಗೂ ಪೆಟ್ಟಾಗಲಿಲ್ಲ. ಕೆಲಸ ನಮ್ಮ ಕಚೇರಿಗೆ ಬಂತು. ಕೊಟ್ಟವರು ಹಡಗಿನ ಮಾಲೀಕರ ಕಡೆಯವರು. ಅವರ ಹತ್ತಾರು ಹಡಗುಗಳ ಕೆಲಸವೂ ನಮ್ಮದೇ.

ಆ ಹೊತ್ತಿನಲ್ಲಿ ಚುಕ್ಕಾಣಿ ಹಿಡಿದಿದ್ದವನು ಹೆಜಮಾಡಿಯವನು. ಮೂವತ್ತೈದರ ಆಸುಪಾಸು, ಇಬ್ಬರು ಮಕ್ಕಳ ತಂದೆ. ಹಿಂದಿ ಬರುತ್ತಿತ್ತು, ಆದರೆ ಹೆದರಿಕೆಯಲ್ಲಿ ಒಂದು ವಾಕ್ಯವೂ ಪೂರ್ತಿಯಾಗುತ್ತಿರಲಿಲ್ಲ. ಕ್ಯಾಪ್ಟನ್ನರಿಗೆ ತುಳು ಅರ್ಧಂಬರ್ಧ. ನನ್ನನ್ನು ಕೂರಿಸಿಕೊಂಡು, "ನಿನ್ನ ಊರಿನವಳೇ, ಅಕ್ಕ ಅಂತ ತಿಳ್ಕೊ, ಇದ್ದದ್ದು ಇದ್ದ ಹಾಗೆ ಹೇಳು" ಎಂದರು. ನಾನು ತುಳುವಿನಲ್ಲಿ ಊರು, ಮನೆ, ಮಕ್ಕಳ ಹೆಸರು ಕೇಳಿದೆ. ಅವನ ಮುಖ ಸಡಿಲಾಯಿತು. ಅಕ್ಕ ಎಂದು ಶುರು ಮಾಡಿದ. ಅವನು ಹೇಳಿದ್ದು ಇಷ್ಟು.

"ನೀರಿನ ಆಳ ತೋರಿಸುವ ಮಿಷನ್ ಕೆಟ್ಟು ಮೂರು ತಿಂಗಳಾಗಿತ್ತು ಅಕ್ಕ. ಅದರ ಮೇಲೆ ಬಟ್ಟೆ ಹಾಕಿ ಮುಚ್ಚಿಟ್ಟಿದ್ರು. ರಿಪೇರಿಗೆ ಬರ್ದದ್ದಕ್ಕೆ ಆಫೀಸಿನವರು ಆಮೇಲೆ ನೋಡುವ ಅಂದ್ರಂತೆ. ಆ ದಿನ ಮಾಸ್ಟರ್ ಕುರ್ಚಿಯಲ್ಲಿ ಕೂತು ಫೋನಲ್ಲಿ ಮಾತಾಡ್ತಾ ಇದ್ರು. ನೀರು ಮೊದ್ಲು ನೀಲಿ ಇತ್ತು, ಮತ್ತೆ ಹಸಿರಾಯ್ತು, ಮತ್ತೆ ಅಕ್ಕಿ ತೊಳೆದ ನೀರಿನ ಹಾಗೆ ಆಯ್ತು. ಸರ್, ನೀರಿನ ಬಣ್ಣ ಬದಲಾಯ್ತು ಅಂದೆ. ಸೀದಾ ಹೋಗು ಅಂದ್ರು. ಇನ್ನೊಮ್ಮೆ ಹೇಳಿದೆ. ನಿನ್ನ ಕೆಲಸ ಹಿಡಿಯುವುದು, ಮಾತಾಡುವುದಲ್ಲ ಅಂದ್ರು. ಮತ್ತೆ ಹತ್ತಿತು."

ನಾನು ಬರೆಯುವುದನ್ನು ನಿಲ್ಲಿಸಿ ಕ್ಯಾಪ್ಟನ್ನರನ್ನು ನೋಡಿದೆ. ಕನ್ನಡದಲ್ಲಿ ಹೇಳಿದೆ. ಅವರ ಕಣ್ಣು ತುಂಬಿತ್ತು. ಸುಳ್ಳಲ್ಲ, ತುಂಬಿತ್ತು. "ಖರ್ಜೂರದ ಹಡಗು" ಎಂದರು, ನನಗೊಬ್ಬಳಿಗೇ ಕೇಳುವ ಹಾಗೆ.

ಹೇಳಿಕೆ ಮುಗಿಯಿತು. ಅವನು ಎದ್ದು ನಿಂತು, ಕ್ಯಾಪ್ಟನ್ನರಿಗೆ ಕೈ ಮುಗಿದು, ಬಗ್ಗಿ ಹೇಳಿದ: "ದಾದಾಂಡಲಾ ತಪ್ಪಾದಿತ್ತ್‌ಂಡ ಮಾಫ್ ಮಲ್ಪುಲೆ." ಏನಾದರೂ ತಪ್ಪಾಗಿದ್ದರೆ ಕ್ಷಮಿಸಿ. ಅದೇ ಮಾತು, ನಮ್ಮ ಮಾತು, ಬಾಗಿಲಲ್ಲಿ ಹೇಳುವ ಮಾತು. ಅಷ್ಟು ತುಳು ಕ್ಯಾಪ್ಟನ್ನರಿಗೂ ಗೊತ್ತಿತ್ತು. ಅವನ ಹೆಗಲ ಮೇಲೆ ಕೈಯಿಟ್ಟು, "ಛೆ ಛೆ, ಏನಿಲ್ಲ ಮಾರಾಯ, ಏನಿಲ್ಲ" ಎಂದು ಬಾಗಿಲವರೆಗೆ ಕಳಿಸಿಕೊಟ್ಟರು. ನಾನು ಕಲಿತ ಪಾಠದಂತೆ ಅದನ್ನೂ ಬರೆದುಕೊಂಡೆ. ಅದನ್ನೂ ಇಂಗ್ಲಿಷಿಗೆ ಇಳಿಸಿದೆ. ಕೊನೆಯಲ್ಲಿ ಒಂದು ಸಾಲು, ತಪ್ಪಾಗಿದ್ದರೆ ಕ್ಷಮಿಸಬೇಕೆಂದು ಕೇಳಿಕೊಳ್ಳುತ್ತೇನೆ. ಅದು ವಿದಾಯದ ಮರ್ಯಾದೆ ಎಂದು ಪಕ್ಕದಲ್ಲೊಂದು ಟಿಪ್ಪಣಿ ಹಾಕಬೇಕೆಂದು ನನಗೆ ಹೊಳೆಯಲೇ ಇಲ್ಲ. ಓದುವವರು ಕ್ಯಾಪ್ಟನ್ ತಾನೇ.

ಎರಡು ವಾರದ ಮೇಲೆ ವರದಿಯ ಕೊನೆಯ ಕರಡು ಟೈಪಿಗೆ ಬಂತು. ಬಟ್ಟೆ ಮುಚ್ಚಿದ ಮಿಷನ್ ಇರಲಿಲ್ಲ. ಮಾಸ್ಟರರ ಫೋನ್ ಇರಲಿಲ್ಲ. ನೀರಿನ ಬಣ್ಣ ಇರಲಿಲ್ಲ. ಕಾರಣ ಎಂಬ ಶೀರ್ಷಿಕೆಯ ಕೆಳಗೆ ಹೀಗಿತ್ತು: ಚುಕ್ಕಾಣಿ ಹಿಡಿದವನು ಹೇಳಿದ ದಿಕ್ಕನ್ನು ಬಿಟ್ಟು ಹೋದದ್ದು ಮತ್ತು ತಕ್ಕ ಕಾವಲು ಇರದಿದ್ದದ್ದು. ಅದರ ಮುಂದೆ: ಆತನು ತನ್ನ ಹೇಳಿಕೆಯ ಕೊನೆಯಲ್ಲಿ ತಾನಾಗಿಯೇ ತಪ್ಪಿಗೆ ಕ್ಷಮೆ ಕೇಳಿದ್ದಾನೆ.

ತಕ್ಕ ಕಾವಲು. ಖರ್ಜೂರದ ಹಡಗಿನ ತೀರ್ಪಿನ ಅದೇ ಎರಡು ಪದ. ಹಾಳೆ ಹಿಡಿದುಕೊಂಡು ಅವರ ಮೇಜಿನ ಮುಂದೆ ನಿಂತೆ.

"ಕ್ಯಾಪ್ಟನ್, ಅದು ಹೊರಡುವಾಗ ಹೇಳುವ ಮಾತು. ನಿಮಗೆ ಗೊತ್ತುಂಟು."

"ಗೊತ್ತು."

"ನೀವೇ ಏನಿಲ್ಲ ಅಂತ ಹೇಳಿ ಕಳಿಸಿದ್ದೀರಿ ಅವನನ್ನ."

"ಹೌದು. ವರದಿ ಓದುವವರಿಗೆ ಅದು ಗೊತ್ತಿಲ್ಲ ತಂಗಿ."

ಹಂಚಿನ ತುಂಡನ್ನು ಆಚೆಯಿಂದ ಈಚೆಗೆ ಸರಿಸಿದರು. ಆಮೇಲೆ, ನಾನು ಕೇಳದಿದ್ದರೂ, ಹೇಳಿದರು. ಮಾಲೀಕರ ಕಡೆಯವರು ಮಿಷನ್ ವಿಷಯ ಬಂದರೆ ಇನ್ನು ಮುಂದೆ ಕೆಲಸ ಬೇರೆ ಕಚೇರಿಗೆ ಎಂದಿದ್ದಾರೆ. ಮುಂದಿನ ತಿಂಗಳು ಇವರ ವೀಸಾ ನವೀಕರಣ. ವಯಸ್ಸಾಯಿತೆಂದು ಮ್ಯಾನೇಜರ್ ಆಗಲೇ ಮುಖ ಸಿಂಡರಿಸಿದ್ದಾನೆ.

"ಕ್ಯಾನ್ಸಲ್ ಆದ್ರೆ ಊರಿಗೆ ಹೋಗಿ ಅಂತೀರಿ ನೀವೆಲ್ಲ. ಹೋಗಿ ಎಂತ ಮಾಡ್ಲಿ? ಕುಮಟೆ ಪೇಟೇಲಿ ಯಾರು ನನ್ನ ಕ್ಯಾಪ್ಟನ್ ಅಂತಾರೆ?"

ಇಷ್ಟೇ. ಕಾಯಿಲೆಯ ಹೆಂಡತಿ ಇರಲಿಲ್ಲ, ಓದುವ ಮಕ್ಕಳಿರಲಿಲ್ಲ, ಮನೆಯ ಸಾಲ ಇರಲಿಲ್ಲ. ಹಾಗೇನಾದರೂ ಇದ್ದಿದ್ದರೆ ನಾನು ಮರುಗಿ ಸುಮ್ಮನಾಗುತ್ತಿದ್ದೆನೇನೋ. ಒಂದು ಕರೆಯುವ ಹೆಸರಿಗಾಗಿ ಆ ಮನುಷ್ಯ ಇನ್ನೊಬ್ಬನ ಹೆಸರು ಕೆಡಿಸಿದರು. ಅವನಿಗೆ ಮತ್ತೆ ಯಾವ ಹಡಗಿನವರೂ ಕೆಲಸ ಕೊಡುವುದಿಲ್ಲವೆಂದು ಅವರಿಗಿಂತ ಚೆನ್ನಾಗಿ ತಿಳಿದವರು ಯಾರಿದ್ದರು?

ಇನ್ನು ನನ್ನ ಸುದ್ದಿ. ವರದಿಗೆ ಲಗತ್ತಿಸಿದ, ಆ ಕೊನೆಯ ಸಾಲು ಮಾತ್ರವಿದ್ದ ಅನುವಾದದ ಪುಟದ ಕೆಳಗೆ, ಇದು ಹೇಳಿಕೆಯ ನಿಷ್ಠ ಅನುವಾದ ಎಂದು ಪ್ರಮಾಣೀಕರಿಸುತ್ತೇನೆ ಎಂಬ ಸಾಲು, ಅದರ ಕೆಳಗೆ ನನ್ನ ಹೆಸರು. ಸಹಿ ಹಾಕುವುದಿಲ್ಲ ಎನ್ನಬಹುದಿತ್ತು. ಪೂರ್ತಿ ಹೇಳಿಕೆಯನ್ನು ಲಗತ್ತಿಸದೆ ಒಂದೇ ಸಾಲು ಕಿತ್ತುಕೊಂಡಿದ್ದಾರೆ ಎಂದು ವಿಮೆಯವರಿಗೆ ಬರೆಯಬಹುದಿತ್ತು. ಆಗ ನನ್ನ ಗಂಡನ ಕಂಪನಿಯಲ್ಲಿ ವಾರಕ್ಕೊಬ್ಬರನ್ನು ಮನೆಗೆ ಕಳಿಸುತ್ತಿದ್ದರು. ಮಗಳ ಪರೀಕ್ಷೆ ಹತ್ತಿರವಿತ್ತು. ಅನುವಾದದಲ್ಲಿ ಒಂದಕ್ಷರ ತಪ್ಪಿಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡು ಸಹಿ ಹಾಕಿದೆ. ಪೆನ್ನು ಅವರದ್ದೇ.

ಇದಾದ ಎರಡು ದಿನಕ್ಕೆ, ಊಟದ ಹೊತ್ತಿಗೆ, ಅದೇ ಧ್ವನಿ. "ತಂಗೀ, ಬಾ, ಇವತ್ತೊಂದು ಹಡಗು ಮುಳುಗ್ಸುವ." ನಾನು ಹೋಗಲಿಲ್ಲ. ಅವರು ಒಬ್ಬರೇ ಕೂತು ಯಾವುದೋ ಹಳೆಯ ವರದಿ ಓದಿದರು. ಗೆರೆ ಎಳೆದರು. ಆಮೇಲೆ ಎದ್ದು ಹೋಗಿ ಪ್ಯಾಂಟ್ರಿಯಲ್ಲಿ ಸೋಪು ಹಚ್ಚಿ ಮೊಣಕೈವರೆಗೆ ಕೈ ತೊಳೆದರು. ನಾನು ಕಾಫಿ ಲೋಟ ಹಿಡಿದು ಹಿಂದೆಯೇ ನಿಂತಿದ್ದೆ. ಎಂದೋ ಸತ್ತವರ ಸುಳ್ಳಿಗೆ ಅಷ್ಟು ನೊರೆ. ತನ್ನದಕ್ಕೆ ಒಂದು ಹನಿ ನೀರಿಲ್ಲ. ನನ್ನ ಜೀವನದಲ್ಲಿ ಯಾವ ಮನುಷ್ಯನ ಬೆನ್ನನ್ನು ನೋಡಿಯೂ ನನಗೆ ಅಷ್ಟು ಅಸಹ್ಯವಾಗಿಲ್ಲ. ಅವರು ಟಿಶ್ಯೂವಿನಲ್ಲಿ ಕೈ ಒರೆಸಿಕೊಂಡು, "ನೋಡು, ಆ ಕಾಲದಲ್ಲಿ ಎಂಥೆಂಥವ್ರಿದ್ರು" ಎಂದರು.

ವೀಸಾ ನವೀಕರಣವಾಯಿತು. ಎರಡು ವರ್ಷಕ್ಕೆ. ಆ ಎರಡು ವರ್ಷ ನಾನು ಅವರ ಜೊತೆ ಕೆಲಸಕ್ಕೆ ಬೇಕಾದಷ್ಟೇ ಮಾತನಾಡಿದೆ. ಅವರಿಗೆ ಅದು ತಿಳಿಯಿತೋ ಇಲ್ಲವೋ. ಅದೇ ಬಿಳಿ ಅಂಗಿ, ಅದೇ ಮೊಸರನ್ನ. ಹೊಸಬರು ಬಂದರೆ ಖರ್ಜೂರದ ಹಡಗಿನ ಕತೆ ಹೇಳುತ್ತಿದ್ದರು, ಅವರೂ ನನ್ನ ಹಾಗೆಯೇ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಅವರು ಕಚೇರಿ ಬಿಡುವ ದಿನ ಕೇಕು ಕತ್ತರಿಸಿ ಆದ ಮೇಲೆ ನನ್ನ ಮೇಜಿಗೆ ಬಂದು ಮೂರನೆಯ ಹಸಿರು ಪೆಟ್ಟಿಗೆಯನ್ನು ಇಟ್ಟರು. "ಇದು ನಿನಗೆ. ಓದುವವಳು ನೀನೊಬ್ಬಳೇ. ಏನಾದ್ರೂ ಹೆಚ್ಚುಕಮ್ಮಿ ಆಗಿದ್ರೆ ಹೊಟ್ಟೆಗೆ ಹಾಕ್ಕೊ."

"ಛೆ, ಏನಿಲ್ಲ ಕ್ಯಾಪ್ಟನ್" ಎಂದೆ. ನಾಲಿಗೆಗೆ ಅಭ್ಯಾಸ. ಆ ಎರಡು ಮಾತಿಗೆ ನಾನು ನನ್ನನ್ನು ಇವತ್ತಿಗೂ ಬೈದುಕೊಳ್ಳುತ್ತೇನೆ.

ಪೆಟ್ಟಿಗೆಯನ್ನು ಮನೆಗೆ ತಂದು ಅಕ್ಕಿ ಮೂಟೆಯ ಹಿಂದೆ ತಳ್ಳಿದ್ದೆ. ಸಾವಿನ ಸುದ್ದಿ ಬಂದು, ಸಂಘದವರ ಫೋನೂ ಬಂದ ಮೇಲೆ, ಬರೆಯಲು ಏನಾದರೂ ಸಿಗಬಹುದೆಂದು ಮೊದಲ ಸಲ ತೆರೆದೆ. ಮೇಲೆ ಎಲ್ಲ ಹಳೆಯವು. ತಳದಲ್ಲಿ, ಅವರ ಕೈಬರಹದಲ್ಲಿ 'ಕಲ್ಲಿನ ಹಡಗು' ಎಂದು ಚೀಟಿ ಅಂಟಿಸಿದ ನಮ್ಮ ವರದಿ.

ಅಂದರೆ ಈ ಮನುಷ್ಯನಿಗೆ ಗೊತ್ತಿತ್ತು. ತನ್ನನ್ನೂ ಆ ಸುಳ್ಳುಗಾರರ ಸಾಲಿನಲ್ಲಿ ನಿಲ್ಲಿಸಿಕೊಂಡಿದ್ದಾನೆ. ಒಂದು ಕ್ಷಣ ನನಗೆ ಅಯ್ಯೋ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಕಾರಣದ ಪುಟ ತಿರುವಿದೆ. ಕೆಂಪು ಗೆರೆ ಇರಲಿಲ್ಲ. ತಕ್ಕ ಕಾವಲಿನ ಕೆಳಗೆ ಇಲ್ಲ. ಕ್ಷಮೆ ಕೇಳಿದ್ದಾನೆ ಎಂಬುದರ ಕೆಳಗೂ ಇಲ್ಲ. ಒಂದೊಂದೇ ಪುಟ ತಿರುವಿ ಕೊನೆಗೆ ಬಂದೆ. ಗೆರೆ ಅಲ್ಲಿತ್ತು. ನಿಷ್ಠ ಅನುವಾದ ಎಂದು ಪ್ರಮಾಣೀಕರಿಸುತ್ತೇನೆ ಎಂಬ ಸಾಲಿನ ಕೆಳಗೆ ಒಂದು, ನನ್ನ ಹೆಸರಿನ ಕೆಳಗೆ ಇನ್ನೊಂದು.

ಪ್ರತಿ ವರದಿಯಲ್ಲೂ ಸುಳ್ಳು ವಾಕ್ಯ ಒಂದೇ ಎಂದಿದ್ದರಲ್ಲ. ಹುಡುಕಿ ನನ್ನದನ್ನು ಹಿಡಿದಿದ್ದರು. ತಪ್ಪು ಇಳಿದು ಇಳಿದು ಈ ಸಲ ಅಡುಗೆಮನೆಯ ನೆಲದ ಮೇಲೆ ಕೂತಿದ್ದ ನನ್ನ ಮಡಿಲಿಗೆ ಬಂದಿತ್ತು. ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಮಗಳು ಬಾಗಿಲಲ್ಲಿ ನಿಂತು, "ಅಮ್ಮಾ, ಹೂ ಆರ್ ಯೂ ಯೆಲ್ಲಿಂಗ್ ಅಟ್?" ಎಂದಳು. ಸತ್ತವರಿಗೆ ಎಂದೆ. ಎದ್ದು ಸಿಂಕಿನ ಬಳಿ ಹೋಗಿ ನಲ್ಲಿ ತಿರುಗಿಸಿ ಸೋಪಿಗೆ ಕೈ ಚಾಚಿದವಳು, ಹಾಗೆಯೇ ನಲ್ಲಿ ನಿಲ್ಲಿಸಿದೆ. ಆ ಗೆರೆ ಎಳೆದವರು ಹೇಡಿ. ಆದರೆ ಗೆರೆ ತಪ್ಪು ಜಾಗದಲ್ಲಿ ಇರಲಿಲ್ಲ. ಅದು ಯಾವುದಕ್ಕೆ ಬಳಕೆಯಾಗುತ್ತದೆಂದು ತಿಳಿದೇ ನಾನು ಸಹಿ ಹಾಕಿದ್ದೆ.

ನಮ್ಮ ಮೂಲೆಯ ಗ್ರೋಸರಿಯವರು ಕಾಪು ಕಡೆಯ ಬ್ಯಾರಿಗಳು. ಕರಾವಳಿಯಿಂದ ಇಲ್ಲಿಗೆ ಬಂದವರಲ್ಲಿ ಅವರಿಗೆ ಗೊತ್ತಿಲ್ಲದವರು ಕಡಿಮೆ. ಹೆಜಮಾಡಿಯವನ ಹೆಸರು ಹೇಳಿದೆ. ಎರಡು ದಿನದಲ್ಲಿ ವಿಷಯ ತಂದರು. ಹಡಗಿನ ಕೆಲಸ ಹೋದ ಮೇಲೆ ಊರಲ್ಲಿ ಮೂರು ವರ್ಷ ಅದು ಇದು ಮಾಡಿ, ಈಗ ದುಬೈ ಸಿಲಿಕಾನ್ ಓಯಸಿಸ್‌ನಲ್ಲಿ ಒಂದು ಟವರಿನ ವಾಚ್‌ಮನ್. ಕಾವಲಿಗೆ ತಕ್ಕವನಲ್ಲ ಎಂದು ನಾವು ಬರೆದುಕೊಟ್ಟವನು. ಶುಕ್ರವಾರ ಗಂಡನಿಗೆ ಕಾರು ಬಿಡಲು ಹೇಳಿ, ಹಳೆಯ ನೋಟುಬುಕ್ ಹಿಡಿದುಕೊಂಡು ಹೋದೆ.

ಗುರುತು ಹಿಡಿದ. "ಅಕ್ಕ, ನೀವು" ಎಂದು ಎದ್ದು ತನ್ನ ಕುರ್ಚಿಯನ್ನೇ ಕೊಟ್ಟ. ಹಾಲಿಲ್ಲದ ಸುಲೈಮಾನಿ ಚಹಾ ತರಿಸಿದ. ಕ್ಯಾಪ್ಟನ್ ಹೋದರು ಎಂದಾಗ, "ಹೌದಾ, ಪಾಪ, ಒಳ್ಳೆ ಜನ, ಅವತ್ತು ಬಾಗಿಲವರೆಗೆ ಬಂದು ಕಳ್ಸಿದ್ರು" ಎಂದ. ಚಹಾ ಲೋಟ ಕೆಳಗಿಟ್ಟೆ. ವರದಿಯಲ್ಲಿ ಏನಿತ್ತು, ನಾನು ಎಲ್ಲಿ ಸಹಿ ಹಾಕಿದೆ, ಎಲ್ಲವನ್ನೂ ತುಳುವಿನಲ್ಲಿ ಹೇಳಿದೆ.

ಅವನು ರಿಜಿಸ್ಟರ್ ಪುಸ್ತಕವನ್ನು ನೇರ ಮಾಡಿದ. "ಮುಂಬಯಿಯ ಏಜೆಂಟ್ ಹೇಳಿದ್ದ ಅಕ್ಕ. ನೀನೇ ಒಪ್ಪಿಕೊಂಡಿದ್ದೀಯಲ್ಲ, ಮತ್ತೆ ಎಂತ ಅಂದ. ನಾನು ಯಾವಾಗ ಒಪ್ಪಿಕೊಂಡೆ ಅಂತ ತುಂಬ ದಿನ ಆಲೋಚನೆ ಮಾಡಿದೆ. ಅಕ್ಕನತ್ರ ಎಂತ ಹೇಳಿದೆ, ಎಂತ ಬಿಟ್ಟೆ. ಮತ್ತೆ ಮತ್ತೆ ಆಲೋಚನೆ ಮಾಡಿ, ಹೌದೇನೋ, ನಾನೇ ದಿಕ್ಕು ತಪ್ಪಿಸಿದ್ದೇನೋ ಅಂತ ಅನ್ನಿಸ್ಲಿಕ್ಕೆ ಶುರುವಾಯ್ತು. ಹೆಂಡತಿಯತ್ರ ಹಾಗೇ ಹೇಳಿದ್ದೇನೆ, ನನ್ನದೇ ತಪ್ಪು ಅಂತ."

ನೋಟುಬುಕ್ ತೆರೆದು ಓದಿದೆ. ಅವನ ಮಾತು, ಅವನ ತುಳು, ಕನ್ನಡ ಅಕ್ಷರದಲ್ಲಿ, ಒಂದೂ ಬಿಡದೆ. ಮಿಷನ್ನಿನ ಮೇಲಿನ ಬಟ್ಟೆ. ಮಾಸ್ಟರರ ಫೋನ್. ಅಕ್ಕಿ ತೊಳೆದ ನೀರು. ಸರ್, ನೀರಿನ ಬಣ್ಣ ಬದಲಾಯ್ತು. ಇನ್ನೊಮ್ಮೆ ಹೇಳಿದೆ. ಕೊನೆಗೆ, ಹೊರಡುವಾಗ ಹೇಳಿದ ಆ ಒಂದು ಸಾಲು. "ನೀನು ಒಪ್ಪಿಕೊಂಡದ್ದು ಇಷ್ಟೇ. ಬೇರೆ ಏನೂ ಇಲ್ಲ" ಎಂದೆ.

ಅವನು ಹೋಗಿ, ಊಟದ ಪೊಟ್ಟಣ ತಂದ ಡೆಲಿವರಿಯವನಿಗೆ ಲಿಫ್ಟ್ ತೋರಿಸಿದ. ಬಂದು ನಿಂತು, "ಎರಡು ಸಲ ಹೇಳಿದ್ದೆ ಅಲ್ವಾ ಅಕ್ಕ?" ಎಂದ.

"ಎರಡು ಸಲ."

ಹಾಳೆಗಳನ್ನು ಹರಿದು ಕೊಟ್ಟೆ. ನಾನು ಬೇಕಾದಲ್ಲಿ ಬಂದು ಹೇಳುತ್ತೇನೆ, ಬರೆದು ಕೊಡುತ್ತೇನೆ ಎಂದೆ. ಇನ್ನು ಹಡಗು ಬೇಡ ಅಕ್ಕ, ಹೆಂಡತಿಗೆ ಓದಿ ಹೇಳ್ತೇನೆ, ಅಷ್ಟು ಸಾಕು ಎಂದ. ಮಡಚಿ ಅಂಗಿಯ ಒಳಜೇಬಿಗೆ ಹಾಕಿಕೊಂಡ. ಬಿಸಿಲಿನಲ್ಲಿ ಕಾರಿನವರೆಗೂ ಬಂದು, ಬಾಗಿಲು ತೆರೆದು ಹಿಡಿದು, ನಾನು ಕೂತ ಮೇಲೆ ಕೈ ಮುಗಿದು ಬಗ್ಗಿದ.

"ದಾದಾಂಡಲಾ ತಪ್ಪಾದಿತ್ತ್‌ಂಡ ಮಾಫ್ ಮಲ್ಪುಲೆ ಅಕ್ಕ."

ಅದಕ್ಕೆ ಕೊಡಬೇಕಾದ ಉತ್ತರ ನನಗೆ ಗೊತ್ತಿತ್ತು. ಕ್ಯಾಪ್ಟನ್ನರಿಗೆ ನಾನು ಥಟ್ಟನೆ ಕೊಟ್ಟಿದ್ದ ಉತ್ತರ ಅದು. ಕ್ಷಮೆ ಕೇಳಬೇಕಾದವಳೇ ಇವನಿಗೆ ಏನಿಲ್ಲ ಎನ್ನುವುದು ಹೇಗೆ? ಅವನು ಬಗ್ಗಿದ ತಲೆ ಎತ್ತದೆ ಕಾಯುತ್ತಿದ್ದ.